ಸೋತ ಮೀನು ಎಲ್ಲಿಗೆ ಓಡಬೇಕು?

‘ಫೈಂಡಿಂಗ್ ನೀಮೋ’ ಸಿನಿಮಾವನ್ನ ನಾನು ಮೊದಲ ಸಲ ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ, ಯಾರದೋ ಪೆನ್‌ಡ್ರೈವಿನಿಂದ. ಎರಡನೇ ಸಲ ನೋಡಿದ್ದು ಹೋದ ತಿಂಗಳು, ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ನಾಲ್ಕಡಿ ಉದ್ದದ ನನ್ನ ಉಪ್ಪುನೀರಿನ ಅಕ್ವೇರಿಯಂ ಪಕ್ಕ ಕೂತು. ಮೊದಲ ಸಲ ಕಣ್ಣಲ್ಲಿ ನೀರು ಬಂದಿತ್ತು. ಎರಡನೇ ಸಲ ಸಿಟ್ಟು ಬಂತು. ಆ ಸಿಟ್ಟು ಸಿನಿಮಾದ ಮೇಲೋ, ಅಂಗಡಿಯವನ ಮೇಲೋ, ನನ್ನ ಮೇಲೋ ಅಂತ ಗೊತ್ತು ಮಾಡಿಕೊಳ್ಳೋಕೆ ಇದನ್ನ ಬರೀತಿದೀನಿ.

2003ರ ಸಿನಿಮಾ, ಆಂಡ್ರ್ಯೂ ಸ್ಟಾಂಟನ್ ನಿರ್ದೇಶನ, ಪಿಕ್ಸಾರ್‌ನದು. ಎಲ್ಲರಿಗೂ ನೆನಪಿರೋದು ಮಗನನ್ನು ಹುಡುಕಿಕೊಂಡು ಸಮುದ್ರ ದಾಟುವ ಅಪ್ಪ ಮೀನಿನ ಕಥೆ. ನನಗೆ ಕಾಡೋದು ಇನ್ನೊಂದು ಅರ್ಧ: ಸಿಡ್ನಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿರುವ ಗಾಜಿನ ಟ್ಯಾಂಕು. ಅದರಲ್ಲಿ ಯಾರ್ಯಾರಿದ್ದಾರೆ ನೋಡಿ. ಮೈಮೇಲೆ ಗಾಯದ ಗುರುತಿರುವ ಗಿಲ್, ಅದು ಮೂರಿಷ್ ಐಡಲ್. ಉಬ್ಬಿಕೊಳ್ಳುವ ಬ್ಲೋಟ್, ಮುಳ್ಳುಮೀನು. ಗುಳ್ಳೆ ಕಂಡರೆ ಹುಚ್ಚಾಗುವ ಬಬಲ್ಸ್, ಹಳದಿ ಟ್ಯಾಂಗ್. ಕೊಳೆ ಅಂದರೆ ಹೆದರುವ ಗರ್ಗಲ್, ರಾಯಲ್ ಗ್ರಾಮಾ. ಕಪ್ಪು ಬಿಳುಪು ಪಟ್ಟೆಯ ಡೆಬ್, ಡ್ಯಾಮ್ಸೆಲ್. ಗಾಜಿಗೆ ಅಂಟಿದ ನಕ್ಷತ್ರಮೀನು ಪೀಚ್, ಶುಚಿ ಮಾಡುವ ಸಿಗಡಿ ಜಾಕ್. ಇಷ್ಟು ಜನರ ನಡುವೆ ಹೊಸಬನಾಗಿ ನೀಮೋ ಬರುತ್ತಾನೆ. ಅವನಿಗೊಂದು ಸ್ವಾಗತ ಸಮಾರಂಭ, ಅಡ್ಡಹೆಸರು, ಆಮೇಲೆ ಎಲ್ಲರೂ ಸೇರಿ ತಪ್ಪಿಸಿಕೊಳ್ಳುವ ಸಂಚು.

ನನ್ನ ಟ್ಯಾಂಕಿನಲ್ಲಿ ಹೊಸಬರಿಗೆ ಸಿಕ್ಕ ಸ್ವಾಗತ ಬೇರೆ ಥರದ್ದು.

ನಾನು ಸಿಂಧನೂರು ತಾಲೂಕಿನ ಗೊರೇಬಾಳದವನು. ಸಮುದ್ರ ನೋಡಬೇಕಂದ್ರೆ ಇಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕಾದ ಊರು. ನಮ್ಮ ಕಡೆ ನೀರು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆ, ಬೆಳೆ ಅಂದರೆ ಭತ್ತ. ಬಹುಶಃ ಅದಕ್ಕೇ ಸಮುದ್ರದ ಮೀನಿನ ಹುಚ್ಚು ಹತ್ತಿತು. ಕೆಲಸ ಸಿಕ್ಕಿ ನಾಲ್ಕು ವರ್ಷಕ್ಕೆ, ಬೈಕಿನ ಇಎಂಐ ಮುಗಿದ ತಿಂಗಳೇ, ಟ್ಯಾಂಕ್ ತಂದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 240 ಲೀಟರ್. ಸಮುದ್ರದ ನೀರಿನಲ್ಲಿ ಲೀಟರಿಗೆ ಹತ್ತಿರತ್ತಿರ 35 ಗ್ರಾಂ ಉಪ್ಪು ಇರುತ್ತದೆ, ಅಂದರೆ ಒಂದು ಸಲ ತುಂಬಿಸೋಕೆ ಎಂಟು ಕಿಲೋ ಮೇಲೆ ಅಕ್ವೇರಿಯಂ ಉಪ್ಪು ಬೇಕು. ಅದು ಅಡುಗೆ ಉಪ್ಪಿನ ರೇಟಿಗೆ ಸಿಗೋದಿಲ್ಲ.

ಅಂಗಡಿಯವನು ಮೊದಲು ಮೂರು ಡೊಮಿನೊ ಡ್ಯಾಮ್ಸೆಲ್ ಕೊಟ್ಟ. ಕಪ್ಪು ಮೈ, ಬಿಳಿ ಚುಕ್ಕೆ, ಎರಡು ರೂಪಾಯಿ ನಾಣ್ಯದಷ್ಟು ದೊಡ್ಡವು. “ಹೊಸ ಟ್ಯಾಂಕಿಗೆ ಇವೇ ಬೆಸ್ಟ್ ಸರ್, ಏನಾದ್ರೂ ಸಾಯಲ್ಲ” ಅಂದ. ಅವನು ಹೇಳಿದ್ದು ಸುಳ್ಳಲ್ಲ. ಹೊಸ ಟ್ಯಾಂಕಿನಲ್ಲಿ ಮೀನಿನ ಹೊಲಸಿನಿಂದ ಅಮೋನಿಯಾ ಏರುತ್ತದೆ. ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯೋಕೆ ಕೆಲವು ವಾರ ಬೇಕು. ಅಲ್ಲಿವರೆಗೂ ಆ ವಿಷದಲ್ಲಿ ತಾಳಿಕೊಳ್ಳುವುದು ಡ್ಯಾಮ್ಸೆಲ್‌ನಂಥ ಗಟ್ಟಿ ಮೀನು. ಅಂಗಡಿಯವನು ಹೇಳದೇ ಬಿಟ್ಟ ವಿಷಯ: ಮೊದಲು ಬಂದು ತಾಳಿಕೊಂಡವನು ಆಮೇಲೆ ಇಡೀ ಟ್ಯಾಂಕ್ ತನ್ನದು ಅಂದುಕೊಳ್ಳುತ್ತಾನೆ. ಎರಡು ತಿಂಗಳಲ್ಲಿ ಮೂರು ಡೊಮಿನೊಗಳಲ್ಲಿ ಒಂದೇ ಉಳಿಯಿತು. ಉಳಿದೆರಡನ್ನು ಅದೇ ಮುಗಿಸಿತು.

ಆಮೇಲೆ ಒಂದು ಜೋಡಿ ಕ್ಲೌನ್‌ಫಿಶ್. ಆಮೇಲೆ ಒಂದು ನೈಜರ್ ಟ್ರಿಗರ್, ನೀಲಿಗಪ್ಪು ಬಣ್ಣ, ಕೆಂಪು ಹಲ್ಲು, ಚಂದ್ರನ ಆಕಾರದ ಬಾಲ. ಅದು ಬಂದ ವಾರವೇ ನನ್ನ ಶುಚಿ ಮಾಡುವ ಸಿಗಡಿ, ಅಂದರೆ ನಮ್ಮನೆ ಜಾಕ್, ಕಾಣೆಯಾಯಿತು. ಟ್ರಿಗರ್‌ನ ದವಡೆ ಚಿಪ್ಪು ಒಡೆಯುವ ದವಡೆ. ಅದರ ಮುಂದೆ ಸಿಗಡಿ ಬಿಡೋದು ಅಂದರೆ ಊಟ ಬಡಿಸೋದು. ಕೊನೆಗೆ ಕೋರಲ್ ಬ್ಯೂಟಿ ಅನ್ನುವ ಪುಟ್ಟ ಏಂಜೆಲ್ ತಂದೆ. ನೇರಳೆ, ಕಿತ್ತಳೆ, ನೋಡೋಕೆ ಮೈಸೂರು ಸಿಲ್ಕ್. ಮೂರನೇ ದಿನ ಬೆಳಿಗ್ಗೆ ಫಿಲ್ಟರ್ ಪೈಪಿನ ಹಿಂದೆ, ಗಾಜಿನ ಮೂಲೆಯಲ್ಲಿ ಸಿಕ್ಕಿತು. ಬಾಲದ ಕಡೆ ಬರೀ ಎಳೆಗಳು. ಇನ್ನೂ ಉಸಿರಾಡುತ್ತಿತ್ತು. ಆಫೀಸಿಗೆ ಲಾಗಿನ್ ಆಗೋ ಹೊತ್ತಿಗೆ ಅದೂ ನಿಂತಿತು.

ಈ ಹವ್ಯಾಸದಲ್ಲಿ ಇದಕ್ಕೊಂದು ರೆಡಿಮೇಡ್ ವಿವರಣೆ ಇದೆ. ಮೀನುಗಳನ್ನು ಮೂರು ಪಂಗಡ ಮಾಡಿಟ್ಟಿದ್ದಾರೆ: ಶಾಂತ, ಅರೆ ಅಗ್ರೆಸಿವ್, ಅಗ್ರೆಸಿವ್. ಯಾವುದರ ಜೊತೆ ಯಾವುದು ಹೊಂದುತ್ತದೆ ಅಂತ ಜಾತಕ ಕೂಡಿಸುವ ಪಟ್ಟಿಗಳೂ ಇವೆ, ಹಸಿರು, ಹಳದಿ, ಕೆಂಪು ಮನೆಗಳ ಹಾಗೆ. ನನ್ನ ಟ್ರಿಗರ್ ಕೆಂಪು ಮನೆ. ಡೊಮಿನೊ ಅಗ್ರೆಸಿವ್. ತಪ್ಪು ನನ್ನದು, ಪಟ್ಟಿ ನೋಡದೇ ತಂದೆ. ಹೀಗಂತ ಒಪ್ಪಿಕೊಂಡು ಮುಂದಿನ ಮೀನು ತರಬಹುದಿತ್ತು.

ನನ್ನ ತಕರಾರು ಇರೋದೇ ಆ ಪದದ ಮೇಲೆ. ಅಗ್ರೆಸಿವ್ ಅನ್ನೋದು ಮೀನಿನ ಗುಣವೋ, ಗಾಜಿನ ಗುಣವೋ?

ಇದೇ ನೈಜರ್ ಟ್ರಿಗರ್ ನಮ್ಮ ಅರಬ್ಬಿ ಸಮುದ್ರದಲ್ಲೂ ಇದೆ. ಮಲ್ಪೆ, ಕಾರವಾರದ ಕಡೆ ಮೀನುಗಾರರು ಇದನ್ನ ‘ಕಾರ್ಗಿಲ್ ಮೀನು’ ಅಂತಾರೆ. ಹೆಸರಿಗೆ ಯುದ್ಧದ ನೆನಪು. ಆದರೆ ಬಲೆಗೆ ಬೀಳೋದು ಒಂದೊಂದಾಗಿ ಅಲ್ಲ, ಹಿಂಡು ಹಿಂಡಾಗಿ. ಕೆಲವು ಸೀಸನ್ನಿನಲ್ಲಿ ಟನ್‌ಗಟ್ಟಲೆ ಸಿಕ್ಕಿ ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ. ಬಂಡೆಗಳ ಮೇಲಿನ ನೀರಿನಲ್ಲಿ ನೂರಾರು ಒಟ್ಟಿಗೆ ತೇಲುತ್ತಾ ಪ್ಲಾಂಕ್ಟನ್ ತಿನ್ನುವ ಮೀನು ಇದು. ಹೆದರಿದಾಗ ತನ್ನ ತನ್ನ ಬಿಲಕ್ಕೆ ನುಗ್ಗಿ, ಬೆನ್ನ ಮೇಲಿನ ಮುಳ್ಳನ್ನು ಚಿಲಕದ ಹಾಗೆ ನಿಲ್ಲಿಸಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ, ಬಾಲ ಮಾತ್ರ ಹೊರಗೆ. ಅಲ್ಲಿ ನೂರಾರು ಜೊತೆಗಾರರನ್ನು ಸಹಿಸುವ ಮೀನು ನನ್ನ ಹಾಲಿನಲ್ಲಿ ಅಂಗೈಯಗಲದ ಒಂದು ಏಂಜೆಲ್‌ನ ಸಹಿಸಲಿಲ್ಲ ಅಂದರೆ, ಪಟ್ಟಿ ಹೇಳುವ ಆ ‘ಗುಣ’ ಎಲ್ಲಿಂದ ಬಂತು?

ನೇತ್ರಾಣಿಯಲ್ಲಿ ಅರ್ಧ ಉತ್ತರ ಸಿಕ್ಕಿತ್ತು. ಮುರುಡೇಶ್ವರದಿಂದ ಬೋಟಿನಲ್ಲಿ ಹೋಗಿ ಸ್ಕೂಬಾ ಮಾಡ್ತಾರಲ್ಲ, ಆ ದ್ವೀಪ. ನಿಮ್ಮಲ್ಲಿ ಅರ್ಧ ಜನರ ಪ್ರೊಫೈಲ್ ಫೋಟೊ ಅಲ್ಲಿಯದೇ ಇರಬಹುದು. ನೀರಿನ ಕೆಳಗೆ ಪಟ್ಟೆಪಟ್ಟೆಯ ಸಾರ್ಜೆಂಟ್ ಮೀನೊಂದು ಬಂಡೆಯ ಒಂದು ತುಂಡು ಜಾಗ ಕಾಯುತ್ತಿತ್ತು. ಡ್ಯಾಮ್ಸೆಲ್ ಕುಟುಂಬದ್ದೇ. ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಗಿಣಿಮೀನು ಹತ್ತಿರ ಬಂದಾಗ ಬಾಣದ ಹಾಗೆ ನುಗ್ಗಿತು. ಗಿಣಿಮೀನು ನಾಲ್ಕಡಿ ಆಚೆ ಹೋಯಿತು. ಸಾರ್ಜೆಂಟ್ ವಾಪಸ್ ಬಂದು ತನ್ನ ಜಾಗದಲ್ಲಿ ನಿಂತಿತು. ಮುಗೀತು. ಇಡೀ ಜಗಳ ಒಂದು ರೀಲ್ಸ್‌ನಷ್ಟೂ ಉದ್ದ ಇರಲಿಲ್ಲ. ಆ ನಾಲ್ಕಡಿ ನನ್ನ ಟ್ಯಾಂಕಿನ ಪೂರ್ತಿ ಉದ್ದ ಅಂತ ಹೊಳೆದದ್ದು ಮೇಲೆ ಬಂದು ಮಾಸ್ಕ್ ತೆಗೆದಾಗ.

ಇದನ್ನೇ ಕೊನ್ರಾಡ್ ಲೊರೆನ್ಜ್ 1963ರಲ್ಲೇ ಬರೆದಿದ್ದ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ 1973ರಲ್ಲಿ ನೊಬೆಲ್ ಹಂಚಿಕೊಂಡವನು. ಇಂಗ್ಲಿಷಿನಲ್ಲಿ ‘ಆನ್ ಅಗ್ರೆಷನ್’ ಅಂತ ಬಂದ ಅವನ ಪುಸ್ತಕ ಶುರುವಾಗೋದೇ ಫ್ಲಾರಿಡಾದ ಹವಳದ ಬಂಡೆಗಳ ಮೇಲೆ ತೇಲುತ್ತಾ, ಆಮೇಲೆ ಅವನದೇ ಅಕ್ವೇರಿಯಂ ಮುಂದೆ. ಮೂಲ ಜರ್ಮನ್ ಹೆಸರಿನ ಅರ್ಥ ‘ಕೆಡುಕು ಅಂತ ಕರೆಯೋದು’ ಅಂತ. ಹೆಸರಿನಲ್ಲೇ ವಾದ ಇದೆ. ಪೋಸ್ಟರಿನ ಹಾಗೆ ಹೊಳೆಯುವ ಬಣ್ಣದ ಮೀನುಗಳು ಮುಖ್ಯವಾಗಿ ತಮ್ಮದೇ ಜಾತಿಯವರ ಮೇಲೆ ಬೀಳುತ್ತವೆ, ಸಮುದ್ರದಲ್ಲಿ ಸೋತದ್ದು ಗಡಿ ದಾಟಿ ಓಡುತ್ತದೆ, ಗೆದ್ದದ್ದು ದೂರ ಬೆನ್ನಟ್ಟೋದಿಲ್ಲ, ಟ್ಯಾಂಕಿನಲ್ಲಿ ಓಡೋಕೆ ಜಾಗ ಇಲ್ಲದ್ದರಿಂದ ಸಾವು ಆಗುತ್ತದೆ ಅನ್ನೋದು ಅವನು ಕಂಡದ್ದು. ಈ ಭಾಗದವರೆಗೆ ಪುಸ್ತಕ ಅದ್ಭುತ. ಬಣ್ಣದ ಸಿದ್ಧಾಂತ ಪೂರ್ತಿ ನಿಲ್ಲೋದಿಲ್ಲ. ಎಷ್ಟೋ ಡ್ಯಾಮ್ಸೆಲ್‌ಗಳು ತಮ್ಮ ಪಾಚಿಗೆ ಬಾಯಿ ಹಾಕುವ ಬೇರೆ ಜಾತಿಯವರನ್ನೂ ಓಡಿಸುತ್ತವೆ. ಆದರೆ ಓಡುವ ಜಾಗದ ಮಾತು ನಿಲ್ಲುತ್ತದೆ.

ಇದೆಲ್ಲ ಓದಿಯೂ ನನಗೆ ತಲೆಗೆ ಹೋಗದೇ ಇದ್ದದ್ದನ್ನ ಅಪ್ಪ ಹತ್ತು ನಿಮಿಷದಲ್ಲಿ ಹೇಳಿದರು.

ಕಣ್ಣಿನ ಆಪರೇಷನ್ನಿಗೆ ಅಂತ ಊರಿಂದ ಬಂದಿದ್ದರು. ಉಪ್ಪಿನ ಡಬ್ಬಿ ನೋಡಿ, ರೇಟು ಕೇಳಿ, ನಕ್ಕರು. “ಉಪ್ಪಿಗೂ ರೊಕ್ಕ ಕೊಡ್ತಿಯೇನಪಾ? ಊರಿಗೆ ಬಾ, ನಮ್ಮ ಹೊಲದಾಗ ಕೆರಕೊಂಡು ಒಯ್ಯಿ.” ತಮಾಷೆ ಹೌದು, ಬರೀ ತಮಾಷೆ ಅಲ್ಲ. ಕಪ್ಪು ಮಣ್ಣಿಗೆ ವರ್ಷಗಟ್ಟಲೆ ಕಾಲುವೆ ನೀರು ನಿಲ್ಲಿಸಿ ಭತ್ತ ಬೆಳೆದರೆ, ಬಸಿದು ಹೋಗೋಕೆ ದಾರಿ ಇಲ್ಲದ ಕಡೆ ನೀರಿನ ಮಟ್ಟ ಮೇಲೇರುತ್ತದೆ, ಉಪ್ಪು ಮೇಲೆ ಬಂದು ಕೂರುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಹೊಪ್ಪಳಿಕೆ. ಸವಳು ಅಂತೀವಿ. ನಮ್ಮದೂ ಒಂದೂವರೆ ಎಕರೆ ಹಾಗೆ ಹೋಗಿದೆ.

ಆಮೇಲೆ ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಕೂತರು. ಕಣ್ಣಿಗೆ ಕಪ್ಪು ಕನ್ನಡಕ. ಡೊಮಿನೊ ಕ್ಲೌನನ್ನು ಓಡಿಸೋದು, ಟ್ರಿಗರ್ ಡೊಮಿನೊನ ಓಡಿಸೋದು, ಎಲ್ಲಾ ನೋಡಿದರು.

“ಇದ್ರಾಗ ಸೋತದ್ದು ಎಲ್ಲಿಗೆ ಓಡಬೇಕು?”

ನಾನು ಅಗ್ರೆಸಿವ್, ಅರೆ ಅಗ್ರೆಸಿವ್ ಅಂತ ಪಟ್ಟಿ ವಿವರಿಸಿದೆ. ಅಪ್ಪನಿಗೆ ಅದು ರುಚಿಸಲಿಲ್ಲ. “ಕ್ಯಾಂಪಿನ ಕಡೆ ಹೊಂಡದಾಗ ಮೀನ ಬಿಡ್ತಾರ ನೋಡು. ಕಾಟ್ಲಾ ಮ್ಯಾಲೆ ಮೇಯ್ತದ, ರೋಹು ನಡುವ, ಮೃಗಾಲ ತಳದಾಗ. ಒಂದರ ಬಾಯಿ ಇನ್ನೊಂದರ ಕೂಳಿಗೆ ಬರಂಗಿಲ್ಲ. ನೀ ಎಲ್ಲಾನೂ ತಂದು ಒಂದಾ ಕಲ್ಲಿನ ಮುಂದ ಬಿಟ್ಟಿ. ಜಗಳ ಆಡಾಕ ನೀನಾ ಕರಕೊಂಡು ಬಂದಂಗಾತು.”

ಕೃಷಿ ಇಲಾಖೆ, ಮೀನುಗಾರಿಕೆ ಇಲಾಖೆಯವರು ಇದಕ್ಕೆ ಮಿಶ್ರ ಮೀನು ಸಾಕಣೆ ಅಂತಾರೆ. ಅದರಲ್ಲಿ ಯಾವ ಮೀನೂ ಒಳ್ಳೆಯದಲ್ಲ, ಕೆಟ್ಟದ್ದಲ್ಲ. ಯಾರ ಮನೆ ಎಲ್ಲಿ, ಯಾರ ಊಟ ಎಲ್ಲಿ, ಅಷ್ಟೇ ಲೆಕ್ಕ. ಅಂಗಡಿಯ ಪಟ್ಟಿಯಲ್ಲಿ ಇಲ್ಲದ ಕಾಲಂ ಅದು.

ಅಪ್ಪನಿಗೂ ಚಿಕ್ಕಪ್ಪನಿಗೂ ಕಾಲುವೆ ತೂಬಿನ ನೀರಿಗೆ ಹತ್ತು ವರ್ಷ ಮಾತಿರಲಿಲ್ಲ. ಒಂದು ಬೇಸಿಗೆಯಲ್ಲಿ ಸಲಿಕೆ ಎತ್ತುವವರೆಗೆ ಹೋಗಿತ್ತು, ನಾನು ಆಗ ಆರನೇ ಕ್ಲಾಸು. ಆಮೇಲೆ ಚಿಕ್ಕಪ್ಪ ಹೊಲವನ್ನ ಪಾಲಿಗೆ ಕೊಟ್ಟು ಸಿಂಧನೂರಿಗೆ ಹೋಗಿ ಅಂಗಡಿ ಇಟ್ಟರು. ಜಗಳ ಸಾಯಲಿಲ್ಲ, ಆದರೆ ಯಾರೂ ಸಾಯಲಿಲ್ಲ. ಅಕ್ಕನ ಮದುವೆಯಲ್ಲಿ ಅಕ್ಷತೆ ಹಾಕೋಕೆ ಬಂದರು. ಟ್ಯಾಂಕಿನ ಮುಂದೆ ಕೂತ ಅಪ್ಪ ಇದನ್ನೇನೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: “ಓಡಾಕ ಜಾಗ ಇದ್ರ ಅದು ಜಗಳ. ಇಲ್ಲಂದ್ರ ಕೊಲಿ.”

ಇಲ್ಲಿ ನಾನು ಹುಷಾರಾಗಿರಬೇಕು. ಲೊರೆನ್ಜ್ ಎಡವಿದ್ದೇ ಈ ಜಾಗದಲ್ಲಿ. ಮೀನು, ಬಾತುಕೋಳಿಗಳಲ್ಲಿ ಕಂಡದ್ದನ್ನು ಎತ್ತಿಕೊಂಡು ಹೋಗಿ ಮನುಷ್ಯರ ಯುದ್ಧಕ್ಕೆ ಅಂಟಿಸಿದ. ನಾತ್ಸಿ ಪಕ್ಷದ ಸದಸ್ಯನಾಗಿದ್ದವನು ಹಿಂಸೆ ರಕ್ತದಲ್ಲೇ ಇದೆ ಅನ್ನುವ ಧಾಟಿಯಲ್ಲಿ ಬರೆದರೆ ಓದುವವರಿಗೆ ಅನುಮಾನ ಬರೋದು ಸಹಜ, ವಿಜ್ಞಾನಿಗಳೂ ತಕರಾರು ತೆಗೆದರು. ನನ್ನ ಆಫೀಸಿನಲ್ಲೂ ಹೀಗೆ ಕೇಳ್ತಾರೆ: ನಿಮ್ಮ ಸಿಂಧನೂರಲ್ಲಿ ಲೋಕಲ್‌ನವರು, ಆಂಧ್ರದಿಂದ ಬಂದವರು, ಬಂಗಾಳಿ ಕ್ಯಾಂಪಿನವರು ಎಲ್ಲಾ ಇದ್ದಾರಲ್ಲ, ಜಗಳ ಆಗಲ್ವಾ? ಟ್ಯಾಂಕ್ ತೋರಿಸಿ ಬುದ್ಧಿಮಾತು ಹೇಳೋದು ಆಗ ಬಹಳ ಸುಲಭ. ನಾನು ಹೇಳೋದಿಲ್ಲ. ಮನುಷ್ಯ ಕೂತು ನೀರಿನ ಸರದಿ ಗೊತ್ತು ಮಾಡಬಲ್ಲ, ಸರದಿ ಮುರಿದರೆ ದಂಡ ಹಾಕಬಲ್ಲ, ಬೇಕಾದರೆ ಊರು ಬಿಟ್ಟು ಮದುವೆಗೆ ವಾಪಸ್ ಬರಬಲ್ಲ. ಡೊಮಿನೊಗೆ ಇದ್ಯಾವುದೂ ಸಾಧ್ಯವಿಲ್ಲ. ಅಪ್ಪನ ಮಾತನ್ನೂ ನಾನು ಟ್ಯಾಂಕಿನ ವಿಮರ್ಶೆ ಅಂತಲೇ ಇಟ್ಟುಕೊಂಡಿದ್ದೀನಿ.

ಹಾಗೆ ಇಟ್ಟುಕೊಂಡು ಈ ಹವ್ಯಾಸದ ಉಪಾಯಗಳನ್ನೆಲ್ಲ ಮತ್ತೆ ನೋಡಿದೆ. ಅತಿ ಜಗಳಗಂಟ ಮೀನನ್ನು ಕೊನೆಗೆ ಬಿಡಿ, ಅದಕ್ಕೆ ಹಕ್ಕು ಸ್ಥಾಪಿಸೋಕೆ ಸಮಯ ಸಿಗಬಾರದು. ಹೊಸ ಮೀನು ಬಿಡುವ ಮುಂಚೆ ಕಲ್ಲುಗಳನ್ನೆಲ್ಲ ಅದಲು ಬದಲು ಮಾಡಿ, ಹಳಬರೂ ಮನೆ ಕಳಕೊಂಡು ಹೊಸಬರ ಹಾಗಾಗಲಿ. ಹೊಸದನ್ನು ಮೊದಲ ಕೆಲವು ದಿನ ತೂತಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಅದೇ ನೀರಿನಲ್ಲಿ ಇಡಿ, ಕಂಡು ಅಭ್ಯಾಸವಾಗಲಿ. ಒಂದೇ ಆಕಾರ, ಒಂದೇ ಬಣ್ಣದ ಎರಡು ಬೇಡ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿ. ಎಲ್ಲವನ್ನೂ ಮಾಡಿದೆ. ಎಲ್ಲವೂ ಒಂದಿಷ್ಟು ಕೆಲಸ ಮಾಡುತ್ತವೆ. ಆದರೆ ಪ್ರತಿಯೊಂದೂ ಇಲ್ಲದ ಬಾಗಿಲನ್ನು ಗೋಡೆಯ ಮೇಲೆ ಚಿತ್ರ ಬಿಡಿಸಿದ ಹಾಗೆ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು, ಬಹಳ ಬೇಜಾರು ಮಾಡಿದ್ದು ಕನ್ನಡಿಯ ಉಪಾಯ. ಗಾಜಿನ ಹೊರಗೆ ಒಂದು ಕನ್ನಡಿ ಅಂಟಿಸಿದರೆ ದಬಾಯಿಸುವ ಮೀನು ತನ್ನದೇ ಬಿಂಬವನ್ನು ಪರಕೀಯ ಅಂದುಕೊಂಡು ಅದರ ಮೇಲೆ ಬೀಳುತ್ತದೆ. ಅಷ್ಟು ಹೊತ್ತು ಹೊಸಬನಿಗೆ ಬಿಡುವು. ಡೊಮಿನೊ ಮೂರು ದಿನ ಕನ್ನಡಿಯ ಜೊತೆ ಹೊಡೆದಾಡಿತು. ರಾತ್ರಿ ಊಟ ಮಾಡುತ್ತಾ ನೋಡಿದರೆ ಅದೇ, ಬೆಳಿಗ್ಗೆ ಎದ್ದರೆ ಅದೇ. ಗೆಲ್ಲಲೂ ಆಗದ, ಸೋಲಲೂ ಆಗದ ಎದುರಾಳಿ. ನಾಲ್ಕನೇ ದಿನ ನಾನೇ ಕನ್ನಡಿ ತೆಗೆದೆ.

ಸಿನಿಮಾ ಮತ್ತೆ ನೋಡಿದ್ದು ಅದೇ ವಾರ. ಡೆಬ್ ನನ್ನ ಡೊಮಿನೊದ ಕುಲದವಳೇ, ಹತ್ತಿರದ ಸಂಬಂಧಿ. ಸಿನಿಮಾದಲ್ಲಿ ಅವಳು ಗಾಜಿನಲ್ಲಿ ತನ್ನ ಬಿಂಬ ಕಂಡು ಅದು ಅಕ್ಕತಂಗಿ ಅಂದುಕೊಳ್ಳುತ್ತಾಳೆ, ಫ್ಲೋ ಅಂತ ಹೆಸರಿಟ್ಟು ಮಾತಾಡಿಸುತ್ತಾಳೆ. ಥಿಯೇಟರಿನಲ್ಲಿ ನಗು ಬರುವ ಜಾಗ. ನನಗೆ ಸಿಟ್ಟು ಬಂದದ್ದು ಇಲ್ಲಿ. ಡ್ಯಾಮ್ಸೆಲ್ ಕನ್ನಡಿಯಲ್ಲಿ ತಂಗಿಯನ್ನು ಕಾಣೋದಿಲ್ಲ, ವೈರಿಯನ್ನು ಕಾಣುತ್ತದೆ.

ಆದರೆ ನ್ಯಾಯವಾಗಿ ಹೇಳಬೇಕು. ಈ ಚಿತ್ರಕ್ಕೆ ಆಡಂ ಸಮರ್ಸ್ ಅನ್ನುವ ಮೀನು ವಿಜ್ಞಾನಿಯ ಸಲಹೆ ಇತ್ತು, ಅದು ಎದ್ದು ಕಾಣುತ್ತದೆ. ಆ ಟ್ಯಾಂಕಿನಲ್ಲಿ ಪ್ರತಿ ಜಾತಿಗೆ ಒಂದೊಂದೇ ಮೀನು. ಒಂದೇ ಆಕಾರದ ಎರಡಿಲ್ಲ. ಲೊರೆನ್ಜ್ ಬಂದು ನೋಡಿದ್ದರೂ ತಲೆಯಾಡಿಸುತ್ತಿದ್ದ. ಗಿಲ್‌ನ ಆರಿಸಿದ್ದಂತೂ ಬಹಳ ಸರಿ: ಮೂರಿಷ್ ಐಡಲ್ ಟ್ಯಾಂಕಿನಲ್ಲಿ ಬದುಕಿಸೋಕೆ ಅತಿ ಕಷ್ಟದ ಮೀನು, ಎಷ್ಟೋ ಸಲ ಊಟ ಬಿಟ್ಟು ಸಾಯುತ್ತದೆ. ಹೊರಗೆ ಹೋಗಲೇಬೇಕು ಅನ್ನುವ ಹಟ ಬೇರೆ ಯಾವ ಮೀನಿಗೆ ಕೊಟ್ಟಿದ್ದರೂ ಇಷ್ಟು ಒಪ್ಪುತ್ತಿರಲಿಲ್ಲ. ಟ್ಯಾಂಕು ಎಷ್ಟೇ ಚಂದ ಇದ್ದರೂ ಅದರಲ್ಲಿ ಬಾಗಿಲಿಲ್ಲ ಅನ್ನೋದನ್ನ ಸಿನಿಮಾ ಪಟ್ಟಿ ಮಾಡುವವರಿಗಿಂತ ಚೆನ್ನಾಗಿ ತಿಳಿದಿದೆ.

ಸಿನಿಮಾ ಸುಳ್ಳು ಹೇಳೋದು ಆಮೇಲೆ. ಬಾಗಿಲಿಲ್ಲದ ಕೋಣೆ ಅಲ್ಲಿರುವವರನ್ನು ಗೆಳೆಯರನ್ನಾಗಿ ಮಾಡುತ್ತದೆ ಅನ್ನುತ್ತದೆ. ಒಳಗೆ ಒಗ್ಗಟ್ಟು, ಕೆಡುಕೆಲ್ಲ ಹೊರಗೆ, ಪ್ಲಾಸ್ಟಿಕ್ ಚೀಲ ಅಲ್ಲಾಡಿಸುವ ಆ ಹುಡುಗಿ ಡಾರ್ಲಾಳ ಕೈಯಲ್ಲಿ. ಹೀಗೆ ಮಾಡಿದ್ದರಿಂದ ಟ್ಯಾಂಕ್ ಇಟ್ಟ ಡಾಕ್ಟರು ಬರೀ ಪೆದ್ದನಾಗಿ ಉಳಿದ, ನಾವೂ ನಕ್ಕು ಮನೆಗೆ ಹೋದೆವು. ನನ್ನ ಮನೆಯಲ್ಲಿ ಡಾರ್ಲಾ ಯಾರೂ ಇರಲಿಲ್ಲ. ಚೀಲ ಯಾರೂ ಅಲ್ಲಾಡಿಸಲಿಲ್ಲ. ಉಷ್ಣತೆ ಸರಿ ಇತ್ತು, ಉಪ್ಪು ಸರಿ ಇತ್ತು, ನೀರಿನ ಟೆಸ್ಟ್ ರಿಪೋರ್ಟ್ ನನ್ನ ಹೆಲ್ತ್ ಚೆಕಪ್‌ಗಿಂತ ಚೆನ್ನಾಗಿತ್ತು. ಆದರೂ ನಾಲ್ಕು ಜೀವ ಹೋದವು.

ಕೊನೆಯ ದೃಶ್ಯದ ಬಗ್ಗೆಯೂ ಒಂದು ಮಾತು. ಗ್ಯಾಂಗೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲೇ ಸಿಡ್ನಿಯ ಬಂದರಿಗೆ ಬಿದ್ದು ತೇಲುತ್ತಾ, ಮುಂದೇನು ಅಂತ ಮುಖ ಮುಖ ನೋಡಿಕೊಳ್ಳುತ್ತದೆ. ಇಡೀ ಚಿತ್ರದ ಅತಿ ಪ್ರಾಮಾಣಿಕ ಜೋಕು ಅದು. ಗರ್ಗಲ್‌ನ ಜಾತಿ ಕೆರಿಬಿಯನ್ ಕಡೆಯದು, ಸಿಡ್ನಿಯ ಸಮುದ್ರ ಅವನ ಊರೇ ಅಲ್ಲ. ‘ಸಮುದ್ರಕ್ಕೆ ಬಿಟ್ಟರೆ ಮುಗೀತು’ ಅನ್ನೋದು ಕೂಡ ಟ್ಯಾಂಕ್ ಇಟ್ಟವರ ಸೋಮಾರಿತನವೇ. ಇಂಡೋ ಪೆಸಿಫಿಕ್‌ನ ಲಯನ್‌ಫಿಶ್ 1985ರಲ್ಲಿ ಫ್ಲಾರಿಡಾ ಹತ್ತಿರ ಕಂಡಿತು. ಅಕ್ವೇರಿಯಂನವರು ಬಿಟ್ಟದ್ದೇ ಕಾರಣ ಅಂತ ಹೆಚ್ಚಿನವರು ನಂಬುತ್ತಾರೆ. ಈಗ ಕೆರಿಬಿಯನ್ ಸಮುದ್ರದ ತುಂಬಾ ಅದರ ಸಂತಾನ, ಅಲ್ಲಿನ ಮರಿಮೀನುಗಳೆಲ್ಲ ಅದರ ಹೊಟ್ಟೆಗೆ. ಬಾಗಿಲಿಲ್ಲದ ಕೋಣೆ ಕಟ್ಟಿದವನಿಗೆ ಯಾರದೋ ಮನೆಯ ಬಾಗಿಲು ಮುರಿಯುವ ಹಕ್ಕಿಲ್ಲ.

ನಾನು ಕೊನೆಗೆ ಏನು ಮಾಡಿದೆ ಅಂದರೆ, ಟ್ರಿಗರನ್ನ ಎಂಟಡಿ ಟ್ಯಾಂಕ್ ಇರುವ ಒಬ್ಬರಿಗೆ ಪುಕ್ಕಟೆ ಕೊಟ್ಟೆ. ಒಂದೂವರೆ ಅಡಿವರೆಗೆ ಬೆಳೆಯಬಲ್ಲ ಮೀನಿಗೆ ಎಂಟಡಿಯೂ ಸಮುದ್ರವಲ್ಲ, ಗೊತ್ತು. ಡೊಮಿನೊ ನನ್ನ ಹತ್ತಿರವೇ ಇದೆ, ಆಫೀಸ್ ರೂಮಿನ ಸಣ್ಣ ಟ್ಯಾಂಕಿನಲ್ಲಿ, ಒಂಟಿಯಾಗಿ. ಅದರಲ್ಲಿ ಕನ್ನಡಿ ಇಲ್ಲ. ಸಂಜೆ ಲೈಟ್ ಹಾಕಿದಾಗ ಗಾಜಿನಲ್ಲಿ ಬಿಂಬ ಬೀಳದಂತೆ ಹಿಂದೆ ಕಪ್ಪು ಹಾಳೆ ಅಂಟಿಸಿದ್ದೀನಿ. ನಾಲ್ಕಡಿ ಟ್ಯಾಂಕಿನಲ್ಲಿ ಕ್ಲೌನ್ ಜೋಡಿ ಮಾತ್ರ. ನೋಡೋಕೆ ಬರುವ ಗೆಳೆಯರು “ಇಷ್ಟು ದೊಡ್ಡದಕ್ಕೆ ಎರಡೇನಾ?” ಅಂತಾರೆ.

ಸಿಟ್ಟು ಯಾರ ಮೇಲೆ ಅಂತ ಕೇಳಿಕೊಂಡು ಶುರು ಮಾಡಿದ್ದೆ. ಮೀನಿನ ಮೇಲಂತೂ ಅಲ್ಲ. ಅಪ್ಪ ಮೊನ್ನೆ ಫೋನ್ ಮಾಡಿದಾಗ ಹೊಲದ ವಿಷಯ, ತೂಬಿನ ವಿಷಯ ಎಲ್ಲಾ ಮುಗಿಸಿ ಕೇಳಿದರು, “ಆ ಕರಿ ಮೀನ ಈಗ ಹ್ಯಾಂಗದಪಾ? ಯಾರ ಕೂಡಾರ ಜಗಳ ತಗೀತೈತೇನು?”

ಇಲ್ಲ ಯಪ್ಪಾ ಅಂದೆ. ಯಾರೂ ಇಲ್ಲಲ್ಲ.

“ಹಂಗಾರ ಛಲೋ,” ಅಂದರು. ಆಮೇಲೆ ಸ್ವಲ್ಪ ತಡೆದು, “ಛಲೋ ಅಂತೇನೂ ಅಲ್ಲ ಬಿಡು.”